ಇಪ್ಪತ್ತೈದು ಡಿಗ್ರಿಯ ಲೆಕ್ಕ

ಬಿಜಾಪುರದ ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದವರು, ಬೋರ್ಡಿನ ಮೇಲೆ ಬಂದ ಉತ್ತರದಡಿ ಎರಡು ಗೆರೆ ಎಳೆದು, ‘ಲೆಕ್ಕ ಮುಗೀತು, ಮಾತ ಮುಗೀತು’ ಅನ್ನುತ್ತಿದ್ದರು. ಅಂದೂ, ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್ ಒಡೆದು ಕಂದು ಅನಿಲವಾಗುವ ಕ್ರಿಯೆಗೆ ಮುಕ್ತಶಕ್ತಿಯಿಂದ ಸಮತೋಲನ ಸ್ಥಿರಾಂಕವನ್ನು ಕಂಡುಹಿಡಿದು, ಅದು ಒಂದಕ್ಕಿಂತ ಸಣ್ಣದು, ಕಂದು ಅನಿಲ ಹೆಚ್ಚು ಹುಟ್ಟುವುದಿಲ್ಲ ಎಂದು ಗೆರೆ ಎಳೆದರು. ಆಮೇಲೆ ಅದನ್ನೇ ತುಂಬಿ ಬಾಯಿ ಬೆಸೆದ ಗಾಜಿನ ಬುರುಡೆಯನ್ನು ಕುದಿಯುವ ನೀರಿಗೆ ಇಳಿಸಿದರು.

ಮುಂದಿನ ಬೆಂಚಿನಿಂದ ತಿಕೋಟಾದ ಹುಡುಗಿ ಎದ್ದಳು. ‘ಸರ್, ಅದು ಇಪ್ಪತ್ತೈದು ಡಿಗ್ರಿ ಲೆಕ್ಕರಿ. ಕುದಿಯೂ ನೀರಾಗ ಸ್ಥಿರಾಂಕ ಭಾಳ ಏರತೈತ್ರಿ. ಅನಿಲ ಹೆಚ್ಚಾಗಿ ಒತ್ತಡಕ್ಕ ಬುರುಡಿ ತಾಳೂದಿಲ್ರಿ.’

‘ನನಗ ಕಲಸಾಕ ಬಂದಿಯೇನವಾ? ಕುಂದರು.’

ಕಂದು ಬಣ್ಣ ದಟ್ಟವಾಯಿತು, ಬುರುಡೆ ಸಿಡಿಯಿತು. ಆ ಸದ್ದು ಇವತ್ತಿಗೂ ನನ್ನ ಕಿವಿ ಬಿಟ್ಟಿಲ್ಲ. ಹುಡುಗಿ ಕಣ್ಣು ಒತ್ತಿ ಹಿಡಿದು, ‘ಯವ್ವಾ, ಕಾಣವಲ್ದು’ ಎಂದು ಚೀರುತ್ತಿದ್ದಳು. ಅವರು ಮೊದಲು ತಮ್ಮ ಕೋಟಿನ ಮೇಲಿನ ಗಾಜು ಕೊಡವಿಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದರು: ‘ನೋಡ್ರಿ, ನಡುವ ಬಾಯಿ ಹಾಕಿ ನನ್ನ ಲಕ್ಷ್ಯ ಕೆಡಿಸಿದ್ಲು.’