ಕೆಂಪು ನೂಲು

ಹೊಲಿಗೆ ಮೆಶಿನ್ನಿನ ಡ್ರಾಯರ್ ಈಚೆಗೆ ಸಿಕ್ಕಿಕೊಳ್ಳುತ್ತಿತ್ತು. ಮೊನ್ನೆ ಸಿಟ್ಟಿನಿಂದ ಎಳೆದಾಗ ಪೂರ್ತಿ ಕೈಗೇ ಬಂತು. ಹಿಂದಿನಿಂದ ಒಂದು ದಪ್ಪ ಪಟ್ಟಿ ಬಿದ್ದು, ಬಿಳಿ ಹುಡಿ ನನ್ನ ಪ್ಯಾಂಟಿನ ಮೇಲೆಲ್ಲ ಚೆಲ್ಲಿತು. ಗೋಡೆಗೆ ಹೊಡೆದ ಸುಣ್ಣದ ಹಾಗೆ ಒಣ ವಾಸನೆ. ಸೀನು ಬಂತು, ಹಿಂದೆಯೇ ಅವನ ನೆನಪೂ ಬಂತು...

ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಟೈಲರ್ ಅಂಗಡಿ. ಐದಾರು ವರ್ಷದ ಹಿಂದೆ ಎದುರಿನ ಮಹಡಿಗೆ ನೆರಿಯ ಎಂಬ ಊರಿನ ಕಡೆಯ ಹುಡುಗನೊಬ್ಬ ಬಾಡಿಗೆಗೆ ಬಂದ. ಅವನು ಕೆಲಸಕ್ಕೆ ಹೋದದ್ದನ್ನು ಕಂಡವರಿಲ್ಲ. ಬೆರಳ ತುದಿಯ ಚರ್ಮವೆಲ್ಲ ಎದ್ದುಹೋಗಿತ್ತು. ಬಾಗಿಲ ಚೌಕಟ್ಟಿಗೆ ಬೆರಳು ಸಿಕ್ಕಿಸಿ ನೇತಾಡುತ್ತಿದ್ದ. ಆಗಾಗ ಹಗ್ಗದ ಮೂಟೆ ಹೊತ್ತು ಎಲ್ಲಿಗೋ ಮಾಯವಾಗುತ್ತಿದ್ದ. ಒಳ್ಳೆಯವರಿಗೆ ಅಷ್ಟು ಹಗ್ಗ ಯಾಕೆ? ಕಳ್ಳನೇ ಇರಬೇಕು ಎಂದುಕೊಂಡೆ. ಬಿಳಿ ಹುಡಿ ತುಂಬಲಿಕ್ಕೆ ಚೀಲ ಹೊಲಿದು ಕೊಡಿ ಎಂದು ಬಂದಾಗಲಂತೂ ಕೇಳಿಯೇಬಿಟ್ಟೆ.

"ಇದೆಂತ ಹುಡಿ ಮಾರಾಯ? ನಾಳೆ ಪೊಲೀಸರು ನನ್ನನ್ನೂ ಎಳ್ಕೊಂಡು ಹೋದಾರು!"

"ಕೈ ಬೆವರಬಾರದಂತ ಹಚ್ಚುವುದು ಟೈಲರಣ್ಣ. ನಾನು ಗೋಡೆ ಹತ್ತುವವ."

ಗೋಡೆ ಹತ್ತುವವ! ನಾನು ಅಂದುಕೊಂಡದ್ದೂ ಅದೇ ಅಲ್ಲವೇ?

ಮತ್ತೆ ಫೋನಿನಲ್ಲಿ ತೋರಿಸಿದ. ಬಣ್ಣಬಣ್ಣದ ಹಿಡಿಗಳನ್ನು ಹಿಡಿದು ಎತ್ತರದ ಗೋಡೆ ಹತ್ತುವ ಆಟವಂತೆ. ಸ್ಪರ್ಧೆ ಗೆದ್ದರೆ ಬಹುಮಾನ, ನಡುವೆ ಆಗಾಗ ಬೆಂಗಳೂರಿಗೆ ಹೋಗಿ ಕಲಿಸುವುದು. ಹೊಟ್ಟೆಪಾಡು ಅದೇ. ಆಗಲೂ ನಾನು ಅರ್ಧವೇ ನಂಬಿದೆ. ಅವನ ಅಪ್ಪ ಅಡಿಕೆ ಮರ ಹತ್ತಿ ಗೊನೆ ಕೊಯ್ಯುವವರು. ಹತ್ತುವಾಗ ಕಾಲಿಗೆ ಹಾಕುವ ಹಗ್ಗದ ತಳೆ ತುಂಡಾಗಿ ಬಿದ್ದವರು ಮತ್ತೆ ಸರಿಯಾಗಿ ನಡೆಯಲಿಲ್ಲ.

"ಅಷ್ಟಾದ ಮೇಲೂ ನಿನಗೆ ಹತ್ತುವ ಹುಚ್ಚು ಯಾಕೆ?" ಎಂದೆ.

"ಮೇಲೆ ಹೋದರೆ ಮುಂದಿನ ಹಿಡಿ ಬಿಟ್ಟು ಬೇರೆ ಎಂತದೂ ತಲೆಯಲ್ಲಿ ಇರುವುದಿಲ್ಲ. ಅಷ್ಟು ಸುಖ ಕೆಳಗೆ ಸಿಗುವುದಿಲ್ಲ. ಆದರೆ ಹತ್ತುವ ಮೊದಲು ಎಲ್ಲವನ್ನೂ ಎಳೆದು ನೋಡ್ತೇನೆ. ಅಪ್ಪ ಆ ದಿನ ನೋಡಿರಲಿಲ್ಲ."

ನಿಜ, ಎಲ್ಲವನ್ನೂ ಎಳೆಯುತ್ತಿದ್ದ. ನಾನು ಹೊಲಿದ ಚೀಲದ ಒಂದೊಂದು ಹೊಲಿಗೆಯನ್ನೂ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ವರ್ಷದ ಟೈಲರನಿಗೆ ಇವನ ಪರೀಕ್ಷೆಯೇ!

ಒಂದು ಸಂಜೆ ಪ್ರಾಕ್ಟೀಸಿನಿಂದ ಬಂದವನೇ ಸೊಂಟಕ್ಕೆ ಕಟ್ಟುವ ಪಟ್ಟಿಯನ್ನು ಕೊಟ್ಟ. ಹಗ್ಗ ಬಿಗಿಯುವುದು ಅದಕ್ಕೇ. "ಚೀಲ ಸಿಕ್ಕಿಸುವ ಕೊಂಡಿ ಮಾತ್ರ ಹೊಲಿಯಿರಿ" ಎಂದ. ಅವನು ಹೋದ ಮೇಲೆ ನೋಡಿದರೆ ಹಗ್ಗ ಬಿಗಿಯುವ ಜಾಗದಲ್ಲಿ ಕಪ್ಪು ಬಟ್ಟೆ ಸವೆದು, ಒಳಗಿನ ಕೆಂಪು ನೂಲು ಇಣುಕುತ್ತಿತ್ತು. ನೂಲು ಬಿಟ್ಟ ವಸ್ತು ನನ್ನ ಅಂಗಡಿಯಿಂದ ಹೊರಗೆ ಹೋಗುವುದುಂಟೇ? ಕೆಂಪು ಕಾಣದ ಹಾಗೆ ಕಪ್ಪು ನೂಲಿನಲ್ಲಿ ಚಂದ ಮಾಡಿ ಹೊಲಿದೆ.

ಮರುದಿನ ಅವನಿಗೆ ಬೆಂಗಳೂರಿನ ಬಸ್ಸು. ದೇಶದ ತಂಡಕ್ಕೆ ಆಯ್ಕೆಯ ಸ್ಪರ್ಧೆ ಇತ್ತು. ಪಟ್ಟಿ ಕೈಗೆ ತೆಗೆದುಕೊಂಡವನೇ ಕೊಂಡಿ ಎಳೆಯತೊಡಗಿದ.

"ಅಷ್ಟು ಸಂಶಯ ಇದ್ರೆ ಬೇರೆ ಟೈಲರನ್ನು ನೋಡ್ಕೋ ಮಾರಾಯ!"

ಅವನ ಮುಖ ಸಣ್ಣದಾಯಿತು. "ಛೆ, ಹಾಗಲ್ಲ ಟೈಲರಣ್ಣ" ಎಂದು ಉಳಿದದ್ದನ್ನು ಎಳೆದು ನೋಡದೆ ಪಟ್ಟಿಯನ್ನು ಬ್ಯಾಗಿಗೆ ತುರುಕಿದ. ಗೆದ್ದೆ ಎಂದು ನನಗೆ ಖುಷಿಯೋ ಖುಷಿ.

ವಾರದೊಳಗೆ ಬಂದು ಪಟ್ಟಿಯನ್ನು ನನ್ನ ಮೆಶಿನ್ನಿನ ಮೇಲಿಟ್ಟ. ಬೆಂಗಳೂರಿನಲ್ಲಿ ಅಭ್ಯಾಸದ ದಿನವೂ ಎಳೆದು ನೋಡದೆ ಅದರಲ್ಲೇ ಎಷ್ಟೋ ಸಲ ನೇತಾಡಿದ್ದನಂತೆ. ಸ್ಪರ್ಧೆಯ ಬೆಳಿಗ್ಗೆ ಪಟ್ಟಿಗಳನ್ನು ಪರೀಕ್ಷಿಸುವವರ ಬೆರಳಿಗೆ ನನ್ನ ಹೊಲಿಗೆ ಸಿಕ್ಕಿತು, ಇದನ್ನು ಕಟ್ಟಬಾರದು ಎಂದರು. ಯಾರದೋ ಪಟ್ಟಿ ಕಟ್ಟಿಕೊಂಡು ಹತ್ತಿದ, ಆದರೆ ಪ್ರತಿ ಹಿಡಿಯಲ್ಲೂ ಪಟ್ಟಿಯ ಕಡೆಗೇ ನೋಡುತ್ತ ಅರ್ಧಕ್ಕೂ ಮುಟ್ಟಲಿಲ್ಲ.

"ಸವೆದು ಕೆಂಪು ಕಂಡರೆ ಪಟ್ಟಿ ಬಿಸಾಡಬೇಕು ಅಂತ ಹೇಳ್ಲಿಕ್ಕೇ ಆ ನೂಲು ಒಳಗೆ ಇಡುವುದು ಟೈಲರಣ್ಣ."

"ಬೈದುಬಿಡು ಮಾರಾಯ" ಎಂದೆ.

"ಬೈಲಿಕ್ಕೆ ಎಂತ ಉಂಟು? ನೋಡದೆ ಹೋದವ ನಾನು."

ಅದೇ ತಿಂಗಳು ರೂಮು ಖಾಲಿ ಮಾಡಿದ. ಈಗ ಎಲ್ಲಿದ್ದಾನೋ, ಹತ್ತುತ್ತಾನೋ ಇಲ್ಲವೋ... ಕೇಳಲಿಕ್ಕೆ ನನಗೆ ಮುಖವಿಲ್ಲ. ಕಳ್ಳನೆಂದು ಅವನ ಮೇಲೆ ಕಣ್ಣಿಟ್ಟೆ, ನನ್ನ ಕೈಯ ಮೇಲೆ ಒಂದು ದಿನವೂ ಕಣ್ಣಿಡಲಿಲ್ಲ.

ಪಟ್ಟಿಯನ್ನು ಒರೆಸಿ ಮತ್ತೆ ಡ್ರಾಯರಿನಲ್ಲಿಟ್ಟೆ. ಈಗ ಬಟ್ಟೆ ಕೊಡುವಾಗ ಎಲ್ಲರಿಗೂ ಹೇಳುತ್ತೇನೆ, "ಒಮ್ಮೆ ಎಳೆದು ನೋಡಿ." ಅವರು ನಗುತ್ತಾರೆ. "ನಿಮ್ಮ ಹೊಲಿಗೆಯನ್ನು ನೋಡ್ಲಿಕ್ಕುಂಟಾ ಟೈಲರಣ್ಣ?" ಎಂದು ಹಾಗೆಯೇ ಮಡಚಿ ತೆಗೆದುಕೊಂಡು ಹೋಗುತ್ತಾರೆ.