ತಂಗಿಯ ತಾಟಿನ ಮಾದಲಿ

ಗದಗಿಗೆ ಹೋಗುವಾಗ ಶಿರಹಟ್ಟಿಯಲ್ಲಿ ಬಸ್ಸಿಳಿದು, ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಊಟಕ್ಕೆ ಕುಳಿತೆವು. ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಎಂದು ಗೊತ್ತಾದಮೇಲೆ ನನಗೆ ಗೋಧಿ ಬಂದ್. ನನ್ನ ತಾಟಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ತಂಗಿ ಶೋಭಾ ಗೋಧಿ-ಬೆಲ್ಲದ ಸಿಹಿಪುಡಿಯಾದ ಮಾದಲಿಗೆ ಹಾಲು, ತುಪ್ಪ ಸುರಿದುಕೊಂಡು ಉಣ್ಣುತ್ತಿದ್ದಳು. ಒಂದೇ ತಾಯಿಯ ಮಕ್ಕಳು. ಅವಳಿಗೆ ಮಾತ್ರ ಯಾಕೆ ಈ ಸುಖ ಎಂದು ಹೊಟ್ಟೆ ಉರಿಯಿತು.

"ನೀವೂ ಒಂದೀಟು ಹಾಕಿಸ್ಕೋರಿ ಅಕ್ಕಾರ," ಎಂದರು ಬಡಿಸುತ್ತಿದ್ದ ಯಜಮಾನತಿ.

"ನಮ್ಮಕ್ಕಗ ಗೋಧಿ ಆಗಂಗಿಲ್ರಿ. ಆಕಿ ಪಾಲಿಂದೂ ನನಗ ಹಾಕ್ರಿ." ಶೋಭಾ ನಕ್ಕಳು. ನಗುತ್ತಲೇ ಕೆನ್ನೆ ಹಿಡಿದುಕೊಂಡಳು. "ಬಾಯಾಗ ಹುಣ್ಣು. ಹೋದ್ವು ಅನ್ನೂದ್ರಾಗ ಮತ್ತ ಬರ್ತಾವ."

"ಉಷ್ಣ ಆಗೇತಿ. ತುಪ್ಪ ಜಾಸ್ತಿ ಹಾಕ್ಕೊಂಡು ಉಣ್ರಿ, ತಂಪಾಕ್ಕೇತಿ," ಎಂದು ಅವರು ಮತ್ತಷ್ಟು ಮಾದಲಿ ಸುರಿದರು.

ಗೋಧಿ ಬಿಡುವ ಮೊದಲು ನನಗೂ ಹೀಗೇ ಹುಣ್ಣುಗಳಾಗುತ್ತಿದ್ದವು. ಅಥವಾ ಈಗ ಹಾಗೆ ನೆನಪಿಸಿಕೊಳ್ಳುತ್ತಿದ್ದೇನೋ ಏನೋ. ಬಾಯಿಹುಣ್ಣು ಯಾರಿಗೆ ಬೇಕಾದರೂ ಆಗಬಹುದು. ಆದರೂ ಈ ಕಾಯಿಲೆ ಒಡಹುಟ್ಟಿದವರಿಗೂ ಇರಬಹುದು, ಅವರನ್ನೂ ತೋರಿಸಿ ಎಂದು ಡಾಕ್ಟರು ಹೇಳಿದ್ದರು.

"ಗದಗಿಗೆ ಹೋದಕೂಡ್ಲೆ ನಿನ್ನ ರಕ್ತ ತಪಾಸ ಮಾಡಸೂಣು," ಎಂದೆ.

"ಹಂಗಾರ ಇದನ್ನ ಬಿಡ್ಲೇನು?"

"ಬ್ಯಾಡ. ತಪಾಸ ಆಗೂತನಕ ಗೋಧಿ ಬಿಡಬಾರದಂತ. ಬಿಟ್ರ ರಕ್ತದಾಗ ರೋಗ ಕಾಣಂಗಿಲ್ಲಂತ."

ಅವಳು ತಾಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಗಲೂ ನನಗೆ ಹೊಟ್ಟೆಕಿಚ್ಚಾಯಿತು.