ನಾಲ್ಕರ ಜೀಪು, ಮೂಕ ಲ್ಯಾಪ್‌ಟಾಪ್

ಹನ್ನೆರಡಕ್ಕ ಲ್ಯಾಪ್‌ಟಾಪ್ ಮೂಕಾಗಿತ್ತು. ನಾಲ್ಕಕ್ಕ ಜೀಪು ಬರೋದಿತ್ತು. ಆ ಜೀಪಿನಾಗ ಅವ್ವ ಭಾಲ್ಕಿ ಸ್ಟೇಷನ್ನಿಗಿ ಹೋಗಿ, ಅಲ್ಲಿಂದ ರೈಲು ಹತ್ತಿ ಹೈದರಾಬಾದಿಗಿ ಕಟ್ಟಡದ ಕೆಲಸಕ್ಕ ಹೋಗೋದಿತ್ತು.

ಎರಡು ವರ್ಷ ಮಳಿ ಕೈಕೊಟ್ಟಿತ್ತು. ಸಾಯಗಾಂವದಾಗ ನಮ್ಮ ಓಣಿ ಅರ್ಧ ಖಾಲಿ, ಮನಿಮನಿಗಿ ಕೀಲಿ. ಅಪ್ಪ ತೀರಿಕೊಂಡ ಮ್ಯಾಲ ನಾವಿಬ್ಬರೇ ಉಳಿದಿದ್ವಿ. ನಾ ಬಿ.ಎ. ಮುಗಿಸಿ ಕುಂತಿದ್ದೆ. ಬೀದರದ ಒಂದು ಸಂಸ್ಥೆಗಿ ಗುಳೆ ಹೋದವರು ಫೋನಿನಾಗ ಹೇಳಿಕೊಂಡ ಕಷ್ಟ ಕೇಳಿ ಬರಿಯೋರು ಬೇಕಾಗಿದ್ರು. ಕನ್ನಡ, ಮರಾಠಿ, ಹಿಂದಿ ಮೂರೂ ಬರಬೇಕಿತ್ತು, ನಂಗ ಬರ್ತಿತ್ತು. ಪರೀಕ್ಷೆಗಂತ ಹತ್ತು ರೆಕಾರ್ಡಿಂಗ್ ಕಳಿಸಿ, ಐದರೊಳಗ ಟೈಪ್ ಮಾಡಿ ಕಳಿಸು ಅಂದಿದ್ರು. ನಾ ಗೋಗರದಿದ್ದಕ್ಕ, ಮೂರರೊಳಗ ಬಂದ್ರ ನಾಲ್ಕರೊಳಗ ಫೋನ್ ಮಾಡಿ ಹೇಳ್ತೇವಿ ಅಂತ ಒಪ್ಪಿದ್ರು. ಕೆಲಸ ಸಿಕ್ಕದ ಅಂದ್ರ ಅವ್ವ ಜೀಪು ಹತ್ತೋದು ಬ್ಯಾಡ. ಹಿಂಗಂತ ಇಬ್ಬರೂ ಮಾತಾಡಿಕೊಂಡಿದ್ವಿ.

ಲ್ಯಾಪ್‌ಟಾಪ್ ಔರಾದಿನ ಸೋದರತ್ತಿ ಬಿಟ್ಟುಕೊಟ್ಟ ಹಳೇದು. ಕಾಲೇಜಿನಾಗ ನನ್ನ ಸಂಗಾಟ ಓದಿದಾಂವ ಅದಕ್ಕ ಪುಕ್ಕಟ ಸಿಗೋ ಲಿನಕ್ಸ್ ಹಾಕಿಕೊಟ್ಟಿದ್ದ. ಚೆಂದಾಗೇ ನಡೀತಿತ್ತು. ಅವತ್ತೇ ಯಾಕ ಹಟ ಹಿಡಿಬೇಕು? ಆ ರೆಕಾರ್ಡಿಂಗ್ ನನ್ನ ಫೋನಿನಾಗ ತೆರೀತಿದ್ದಿಲ್ಲ, ಲ್ಯಾಪ್‌ಟಾಪೇ ಗತಿ.

ವಾಲ್ಯೂಮ್ ಪೂರ್ತಿ ಏರಿಸಿದೆ. ಸದ್ದಿಲ್ಲ. ಸೆಟ್ಟಿಂಗ್ ತೆಗದು ನೋಡಿದ್ರ, ಸದ್ದು ಹೆಡ್‌ಫೋನಿಗಿ ಹೋಗ್ಲತ್ತದ ಅಂತ ತೋರಿಸ್ತು. ಎಲ್ಲಿ ಹೆಡ್‌ಫೋನು? ನಂದು ಇಲಿ ಕಡದು ತಿಂಗಳಾಗಿತ್ತು. "ಸುಳ್ಳಾಡ್ತದ ನೋಡು ಭಾಡ್ಯಾ" ಅಂತ ಬೈದು, ಹುಕುಂ ಟೈಪ್ ಮಾಡೋ ಕರೀ ಟರ್ಮಿನಲ್ ತೆಗದು ಸದ್ದಿನ ಪಟ್ಟಿಗಳನ್ನ ಒಂದೊಂದೇ ನೋಡಿದೆ. ಎರಡು ಬಂದ್ ಇದ್ದವು, ತೆಗದೆ. ಸುಮ್ಮ. ಸದ್ದಿನ ಸರ್ವೀಸ್ ನಿಲ್ಲಿಸಿ ಮತ್ತ ಚಾಲೂ ಮಾಡಿದೆ. ಸುಮ್ಮ. ಮಷೀನನ್ನೇ ಆರಿಸಿ ಹಚ್ಚಿದೆ. ಆ ಮುದಿ ಮಷೀನು ಎದ್ದು ಕೂಡೂದ್ರಾಗ ನನ್ನ ಜೀವ ಹೋಗಿ ಬಂತು.

"ಅವ್ವ, ಇದಕ್ಕ ಯಾರರ ಮುಟ್ಟಿದ್ರೇನು?"

ಅವ್ವ ಗಂಟು ಕಟ್ತಿದ್ಲು. "ನಾ ಯಾಕ ಮುಟ್ಲಿ" ಅಂದ್ಲು, ನನ್ನ ಕಡಿ ನೋಡದೇ.

ಲಿನಕ್ಸ್ ಹಾಕಿಕೊಟ್ಟಿದ್ದ ಆ ಗೆಳೆಯಗ ಬೀದರಕ್ಕ ಫೋನ್ ಹಚ್ಚಿದೆ.

"ಹೆಡ್‌ಫೋನ್ ತೆಗಿರಿ ಮೊದಲ" ಅಂದ.

"ಹಾಕೇ ಇಲ್ರಿ! ಎಷ್ಟು ಸಲ ಹೇಳಲಿ?"

"ಹಂಗಿದ್ರ ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕಾಗ್ತದರಿ. ಬೀದರಕ್ಕ ತಗೊಂಡು ಬರ್ರಿ."

ಫೋನ್ ಇಟ್ಟೆ. ಎರಡೂವರಿ ಆಗಿತ್ತು. ಬಾಜೂ ಮನಿ ಕಾಕು, ಅದೇ ಜೀಪಿಗಿ ಹೋಗೋಳು, ಬಾಗಿಲಿಗಿ ಬಂದು "ತಯಾರಾದ್ಯೇನು ಅಕ್ಕ?" ಅಂತ ಅವ್ವಗ ಕೇಳಿದ್ಲು. ನಂಗ ಅಳು ಬಂತು. ಅತ್ತಿದ್ದು ನೋಡಿ ಅವ್ವ ನೀರು ತಂದು ಬಗ್ಗಿದ್ಲು.

ಆವಾಗ ಅವಳ ಕಿವಿ ಕಂಡವು. ಹೋದ ವರ್ಷ ಬೆಂಡೋಲಿ ಮಾರಿದ ಮ್ಯಾಲ, ತೂತು ಮುಚ್ಚಬಾರದಂತ ಅವ್ವ ಎರಡೂ ಕಿವಿಗಿ ಬೇವಿನ ಕಡ್ಡಿ ಇಟ್ಟುಕೊಂಡಿದ್ಲು. ನಮ್ಮ ಕಡಿ ಹೆಣ್ಣುಮಕ್ಕಳು ಹಿಂಗೇ ಮಾಡ್ತಾರ. ಎಡಕಿವಿಯಾಗ ಕಡ್ಡಿ ಇತ್ತು. ಬಲಕಿವಿ ಬರಿದಿತ್ತು.

"ಈ ಕಡಿ ಕಡ್ಡಿ ಎಲ್ಲಿ ಅವ್ವ?"

ಅವ್ವ ಸೆರಗು ಕಿವಿ ಮ್ಯಾಲ ಎಳಕೊಂಡ್ಲು. ಆಮ್ಯಾಲ ಸಣ್ಣ ದನಿಲೆ ಹೇಳಿದ್ಲು: "ಧೂಳ ಭಾಳ ಏಳ್ಲತ್ತದಲ್ಲ. ನಾ ಇಲ್ಲದಾಗ ಒರಸೋರು ಯಾರು ಅಂತ, ನಿನ್ನ ಮಷೀನಿನ ತೂತಿಗಿ ಇಟ್ಟೀನಿ. ಅಲ್ಲಿ ಕಿವಿಗಿ ಹಾಕೋದರ ಚಿತ್ರ ಇತ್ತು."

ನೋಡಿದೆ. ಹೆಡ್‌ಫೋನಿನ ತೂತಿನಾಗ, ಹೊರಗ ಕಾಣದಂಗ ಕತ್ತರಿಸಿದ ಕಡ್ಡಿ, ಕಿವಿಯ ಎಣ್ಣಿ ಕುಡಿದು ಕರ್ರಗಾಗಿತ್ತು. ಅದು ಒಳಗಿದ್ದದ್ದಕ್ಕ ಮಷೀನು ಹೆಡ್‌ಫೋನ್ ಅಂತ ತಿಳಕೊಂಡಿತ್ತು. ಪಾಪ, ಅದು ಸುಳ್ಳಾಡಿದ್ದಿಲ್ಲ.

ನಾ ಒದರಿದೆ. ಓಣಿಗೆಲ್ಲ ಕೇಳೋಹಂಗ, ಕಾಕು ನಿಂತಿದ್ದಂಗೇ ಒದರಿದೆ. "ಅಡಾಣಿ ಅದಿ, ಅಡಾಣಿ ಹಂಗೇ ಇರು! ತಿಳೀಲಾರದ್ದು ಯಾಕ ಮುಟ್ತಿ? ನನ್ನ ಬಾಳೇ ಹಾಳು ಮಾಡಿದಿ!" ಓದು ಬರಹ ಇಲ್ಲದೋಳಿಗಿ ನಮ್ಮ ಕಡಿ ಅಡಾಣಿ ಅಂತಾರ. ನನ್ನ ಓದಿಸಿದಾಕಿಗಿ ನಾ ಹಂಗ ಅಂದೆ.

ಅವ್ವ ಬಳಿಯಾಗ ಸಿಗಿಸಿದ್ದ ಪಿನ್ನು ಬಿಚ್ಚಿ ನನ್ನ ಕೈಯಾಗ ಕೊಟ್ಲು. ಒಳಗ ಬಿಗಿಯಾಗಿ ಕುಂತಿದ್ದ ಕಡ್ಡಿಗಿ ಚುಚ್ಚಿ ಎಳದೆ. ಮುರೀತು. ಮತ್ತ ಎಳದೆ. ಪೂರ್ತಿ ಹೊರಗ ಬರೋದ್ರಾಗ ಮೂರು ದಾಟಿತ್ತು. ಸಟ್ಟನೆ ಒಂದು ಹೆಣ್ಣಿನ ದನಿ ಖೋಲಿ ತುಂಬ್ತು. ಯಾವದೋ ಊರಿನಾಗ ಕೂಲಿಗಿ ಹೋದಾಕಿ ಮರಾಠಿದಾಗ ತನ್ನ ಮಗಳ ಸಾಲಿ ಬಗ್ಗಿ ಕೇಳ್ತಿದ್ಲು.

ಟೈಪ್ ಮಾಡ್ಲಿಕ್ಕ ಕುಂತೆ. ಆರನೇ ರೆಕಾರ್ಡಿಂಗಿಗಿ ಜೀಪಿನ ಹಾರನ್ ಹೊಡೀತು. ಅವ್ವ ಗಂಟು ಹೊತ್ತು "ಬರ್ತೇನಿ" ಅಂದ್ಲು. ನಾ ತಲಿ ಆಡಿಸಿದೆ. ನಿಲ್ಲಿಸಿದ್ರ ಐದರ ಗಡುವೂ ತಪ್ತದ ಅಂತ ನನ್ನ ನೆವ. ಖರೆ ಹೇಳಬೇಕಂದ್ರ, ನನ್ನ ಸಿಟ್ಟು ಇನ್ನೂ ಇಳಿದಿದ್ದಿಲ್ಲ.

ಐದಕ್ಕ ಹತ್ತು ನಿಮಿಷ ಇದ್ದಾಗ ಕಳಿಸಿದೆ. ಮರುದಿನ ಫೋನ್ ಬಂತು, ಕೆಲಸ ಸಿಕ್ಕಿತ್ತು. ಅವ್ವಗ ತಿಳಿಸಿದೆ. "ಚಲೋ ಆಯ್ತು ಬಿಡು" ಅಂದ್ಲು. ಹಿಡಿದ ಕೆಲಸ ನಡುವ ಬಿಟ್ಟು ಬರೋ ಜಾತಿ ಅಲ್ಲ ನಮ್ಮವ್ವ. ಬರಲಿಲ್ಲ. ದಿನಾ ಮಂದಿ ಅವ್ವಂದಿರ ದನಿ ಕೇಳಿ ಬರೀತಿದ್ದೆ, ತಪ್ಪಾಯ್ತು ಅಂತ ನನ್ನ ಅವ್ವಗ ಒಂದು ಮಾತು ಅನ್ನಲಿಕ್ಕ ಆಗಲಿಲ್ಲ.

ಉಗಾದಿ ಮುಂದ ಅವ್ವ ಬಂದ್ಲು. ಬೀದರದಿಂದ ಬೆಂಡೋಲಿ ತಂದಿಟ್ಟಿದ್ದೆ, ನಾನೇ ಹಾಕ್ತೇನಿ ಅಂತ ಕುಂದ್ರಿಸಿದೆ. ಎಡಕಿವಿಗಿ ಸಲೀಸ ಹೋಯ್ತು. ಬಲಕಿವಿಗಿ ಹೋಗಲೇ ಇಲ್ಲ. ತೂತು ಕೂಡಿಕೊಂಡಿತ್ತು.

"ಯಾಕವ್ವ, ಅಲ್ಲಿ ಬೇವಿನ ಗಿಡ ಇದ್ದಿದ್ದಿಲ್ಲೇನು?"

"ಇತ್ತಲ್ಲ, ಶೆಡ್ಡಿನ ಮುಂದೇ ಇತ್ತು." ಅವ್ವ ನಕ್ಕಂಗ ಮಾಡಿದ್ಲು. "ಕಡ್ಡಿ ಕೈಯಾಗ ಹಿಡದ್ರ ಸಾಕು, ನೀ ಒದರಿದ್ದು ಕೇಳಸ್ತಿತ್ತು. ಹಂಗೇ ಬಿಸಾಕ್ತಿದ್ದೆ."